ಕೆಂಪಗಿರೋದೆಲ್ಲ ತಾಮ್ರ ಅಲ್ಲ

ನಮ್ಮ ಮನೆಯ ಅಟ್ಟದಲ್ಲಿ ಎರಡು ಡಬ್ಬಿಗಳಿವೆ. ಒಂದರ ಮೇಲೆ ‘ಕ್ಯಾಟ್ 7’ ಅಂತ ಚಿನ್ನದ ಬಣ್ಣದ ಅಕ್ಷರ, ಅದರ ಕೆಳಗೆ ‘10 ಜಿಬಿಪಿಎಸ್, 600 ಮೆಗಾಹರ್ಟ್ಸ್’. ಇನ್ನೊಂದರ ಮೇಲೆ ‘ಕ್ಯಾಟ್ 6 ಹೈ ಸ್ಪೀಡ್’, ಪಕ್ಕದಲ್ಲಿ ಓಡುತ್ತಿರುವ ಒಂದು ಚಿರತೆ. ಎರಡನ್ನೂ ದುಡ್ಡು ಕೊಟ್ಟು ತಂದವನು ನಾನೇ. ಎರಡೂ ಈಗ ಬಳಕೆಯಲ್ಲಿಲ್ಲ. ಹಬ್ಬಕ್ಕೆ ಮನೆ ಕ್ಲೀನ್ ಮಾಡುವಾಗಲೆಲ್ಲ ಹೆಂಡತಿ ‘ಇದನ್ನ ಎಸೀಲಾ?’ ಅಂತಾಳೆ, ನಾನು ‘ಇರಲಿ ಬಿಡು’ ಅಂತೀನಿ. ಕೆಟ್ಟ ಪುಸ್ತಕವನ್ನೂ ಕಪಾಟಿನಲ್ಲಿ ಇಟ್ಟುಕೊಂಡಿರುವ ವಿಮರ್ಶಕರಿದ್ದಾರಲ್ಲ, ಹಾಗೆ. ಪುಸ್ತಕದ ಬಗ್ಗೆ, ಸಿನಿಮಾ ಬಗ್ಗೆ, ಹೋಟೆಲಿನ ದೋಸೆ ಬಗ್ಗೆ ಕೂಡ ವಿಮರ್ಶೆ ಬರುತ್ತೆ. ನಮ್ಮ ಸಂಬಳ ನಿಂತಿರುವುದೇ ಈ ತಂತಿಯ ಮೇಲೆ. ಇದರ ಡಬ್ಬಿಯನ್ನು ಮಾತ್ರ ಯಾರೂ ಸರಿಯಾಗಿ ಓದುವುದಿಲ್ಲ. ನಾನೂ ಓದಿರಲಿಲ್ಲ.

ಮೊದಲು ತಂತಿ ಯಾಕೆ ಬೇಕಾಯ್ತು ಅನ್ನೋದು. ನಮ್ಮದು ಬೆಂಗಳೂರಿನ ಹೊರವಲಯದ ಎರಡು ಬೆಡ್‌ರೂಮಿನ ಫ್ಲ್ಯಾಟು. ಫೈಬರ್ ಬರುವುದು ಮುಂಬಾಗಿಲ ಪಕ್ಕಕ್ಕೆ, ಚಪ್ಪಲಿ ಸ್ಟ್ಯಾಂಡಿನ ಮೇಲೆ. ನಾನು ಕೂತು ಕೆಲಸ ಮಾಡುವುದು ಇನ್ನೊಂದು ತುದಿಯ ಕೋಣೆಯಲ್ಲಿ. ಮಧ್ಯೆ ಮೂರು ಗೋಡೆ, ಒಂದು ಕಾಂಕ್ರೀಟ್ ಪಿಲ್ಲರ್ರು, ಒಂದು ಗಾಡ್ರೇಜ್ ಬೀರು. ತಿಂಗಳಿಗೆ 300 ಎಂಬಿಪಿಎಸ್‌ಗೆ ದುಡ್ಡು ಕಟ್ಟಿ ಕೋಣೆಯಲ್ಲಿ 30-40 ಸಿಗುತ್ತಿತ್ತು. ಅದೂ ಪರವಾಗಿಲ್ಲ, ಮೀಟಿಂಗಿಗೆ ಅಷ್ಟು ಸಾಕು. ತೊಂದರೆ ಇದ್ದದ್ದು ಸ್ಪೀಡಿನಲ್ಲಲ್ಲ, ನಡುನಡುವೆ ಉಸಿರು ಕಟ್ಟುವುದರಲ್ಲಿ. ನಾನು ಮಾತಾಡುತ್ತಿರುವಾಗ ನನ್ನ ಮುಖ ಬಾಯಿ ತೆರೆದುಕೊಂಡೇ ನಿಂತುಬಿಡುತ್ತಿತ್ತು.

ವೈಫೈ ಅನ್ನುವುದು ಒಂದೇ ಲೇನಿನ ಸೇತುವೆ. ಒಂದು ಚಾನೆಲ್ಲಿನಲ್ಲಿ ಒಂದು ಹೊತ್ತಿಗೆ ಒಬ್ಬರು ಮಾತಾಡಬೇಕು, ಉಳಿದವರು ಕಾಯಬೇಕು. ಅಪಾರ್ಟ್‌ಮೆಂಟಿನಲ್ಲಿ ಆ ‘ಉಳಿದವರು’ ಅಂದರೆ ನಮ್ಮ ಮನೆಯವರಷ್ಟೇ ಅಲ್ಲ, ಅದೇ ಚಾನೆಲ್ಲಿನಲ್ಲಿ ಕೂತಿರುವ ಮೇಲಿನ ಮನೆಯವರು, ಕೆಳಗಿನವರು, ಎದುರಿನವರು ಎಲ್ಲ. ತಮಾಷೆ ಏನಂದರೆ, ಈ ಕಷ್ಟವನ್ನು ತಂತಿಯವರು ಯಾವತ್ತೋ ಅನುಭವಿಸಿ ದಾಟಿ ಬಂದಿದ್ದಾರೆ. 1973ರಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ಬಾಬ್ ಮೆಟ್‌ಕಾಫ್ ಈಥರ್ನೆಟ್‌ಗೆ ಹೆಸರಿಟ್ಟಾಗ ಅವರ ತಲೆಯಲ್ಲಿದ್ದದ್ದು ಹವಾಯಿಯ ಅಲೋಹಾನೆಟ್ ಎಂಬ ರೇಡಿಯೊ ಜಾಲ. ಈಥರ್ ಅಂದರೆ ಬೆಳಕನ್ನು ಹೊತ್ತೊಯ್ಯುತ್ತದೆ ಅಂತ ಹಿಂದಿನ ವಿಜ್ಞಾನಿಗಳು ನಂಬಿದ್ದ, 1887ರ ಮೈಕಲ್ಸನ್-ಮೋರ್ಲಿ ಪ್ರಯೋಗದಲ್ಲಿ ಹುಡುಕಿದರೂ ಸಿಗದ ವಸ್ತು. ಇಲ್ಲದ ಗಾಳಿಯ ಹೆಸರನ್ನು ಇರುವ ತಂತಿಗೆ ಇಟ್ಟರು. ಆಗ ಎಲ್ಲ ಕಂಪ್ಯೂಟರುಗಳೂ ಒಂದೇ ದಪ್ಪ ಕೇಬಲ್ಲಿಗೆ ಜೋತುಬಿದ್ದಿರುತ್ತಿದ್ದವು. ಇಬ್ಬರು ಒಟ್ಟಿಗೆ ಮಾತಾಡಿದರೆ ಡಿಕ್ಕಿ, ಮತ್ತೆ ಸುಮ್ಮನಿದ್ದು ಮತ್ತೆ ಪ್ರಯತ್ನ. ಆಮೇಲೆ ಸ್ವಿಚ್ ಬಂತು, ಪ್ರತಿಯೊಬ್ಬನಿಗೂ ತನ್ನದೇ ತಂತಿ, ಹೋಗುವುದಕ್ಕೊಂದು ದಾರಿ ಬರುವುದಕ್ಕೊಂದು ದಾರಿ, ಡಿಕ್ಕಿಯೇ ಇಲ್ಲ. ನಾವು ಅದನ್ನು ಬಿಟ್ಟು ಮತ್ತೆ ಗಾಳಿಗೆ ಹೋಗಿ, ಡಿಕ್ಕಿ ತಪ್ಪಿಸಲು ಮೆಶ್ ಅಂತ ಮೂರು ಡಬ್ಬಿ ಕೊಂಡು, ಅವು ಮೂರೂ ತಂತಮ್ಮಲ್ಲೇ ಅದೇ ಗಾಳಿಯಲ್ಲಿ ಮಾತಾಡಿಕೊಳ್ಳುವುದನ್ನು ನೋಡುತ್ತಾ ಕೂತಿದ್ದೇವೆ.

ಸರಿ, ತಂತಿ ಎಳೆಯೋಣ ಅಂತ ತೀರ್ಮಾನವಾಯ್ತು. ಮೊದಲ ಡಬ್ಬಿ ಆನ್‌ಲೈನಿನಲ್ಲಿ ಬಂದದ್ದು. ಕ್ಯಾಟ್ 7, ರಿಬ್ಬನ್ನಿನ ಹಾಗೆ ಚಪ್ಪಟೆ, 20 ಮೀಟರು.

ಇದರ ಮುಖಪುಟ ಚೆನ್ನಾಗಿದೆ. ಒಳಗಿನ ಕತೆ ಹೀಗಿದೆ. ಕ್ಯಾಟ್ 7 ಎಂಬುದು ಅಂತಾರಾಷ್ಟ್ರೀಯ ಐಎಸ್ಒ ಮಾನದಂಡದಲ್ಲಿದೆ ನಿಜ, ಆದರೆ ನಮ್ಮ ಅಂಗಡಿಗಳಲ್ಲಿ ಸಿಗುವ ಸಾಮಾನಿನ ವ್ಯಾಕರಣ ಬರೆಯುವ ಅಮೆರಿಕದ ಟಿಐಎ ಸಂಸ್ಥೆ ಅದನ್ನು ಒಪ್ಪಿಕೊಂಡೇ ಇಲ್ಲ. ಅಲ್ಲಿ 6ಎ ಆದಮೇಲೆ ನೇರವಾಗಿ 8. ಜೊತೆಗೆ ನಿಜವಾದ ಕ್ಯಾಟ್ 7ಗೆ ಅಂತಲೇ ಜಿಜಿ45, ಟೆರಾ ಅನ್ನುವ ಬೇರೆ ಕನೆಕ್ಟರುಗಳಿವೆ. ನನ್ನ ಡಬ್ಬಿಯಲ್ಲಿದ್ದದ್ದು ನಾವೆಲ್ಲ ನೋಡಿರುವ ಆರ್‌ಜೆ45. ಅಂದರೆ ಬುಲೆಟ್‌ಗೆ ಲೂನಾದ ಚಕ್ರ ಹಾಕಿ ಬುಲೆಟ್ ಅಂತಲೇ ಮಾರಿದ ಹಾಗೆ. ಕ್ಯಾಟ್ 7ರ ಹೆಗ್ಗಳಿಕೆಯೇ ಪ್ರತಿ ಜೋಡಿಗೂ ಬೇರೆ ಬೇರೆ ಹೊದಿಕೆ. ಚಪ್ಪಟೆ ರಿಬ್ಬನ್ನಿನೊಳಗೆ ಕೂದಲೆಳೆಯಂಥ ತಂತಿ ತುರುಕಿದ ಮೇಲೆ ಆ ಹೆಗ್ಗಳಿಕೆಯಲ್ಲಿ ಎಷ್ಟು ಉಳಿದಿರುತ್ತದೆ ಅಂತ ನೀವೇ ಲೆಕ್ಕ ಹಾಕಿ. ಬಾಗಿಲ ಸಂದಿಯಲ್ಲಿ ಹಾಯಿಸಿದ್ದೆ. ಎರಡು ತಿಂಗಳಿಗೆ ಬಾಗಿಲು ಅದನ್ನು ಅರೆದು ಮುಗಿಸಿತು. ಇದರ ಬಗ್ಗೆ ಇಷ್ಟು ಸಾಕು.

ಎರಡನೇ ಡಬ್ಬಿಯದೇ ದೊಡ್ಡ ಕತೆ. ಈ ಸಲ ಸರಿಯಾಗಿ ಮಾಡೋಣ ಅಂತ ಎಸ್.ಪಿ. ರೋಡಿಗೆ ಹೋದೆ. ಒಂದು ಅಂಗಡಿಯಲ್ಲಿ ಕ್ಯಾಟ್ 6 ಕೇಬಲ್ಲಿಗೆ ಎರಡು ರೇಟು ಹೇಳಿದ. ಒಂದು ಇನ್ನೊಂದರ ಅರ್ಧಕ್ಕಿಂತ ಕಮ್ಮಿ. ಏನು ವ್ಯತ್ಯಾಸ ಅಂದೆ. ‘ಕಂಪನಿ ವ್ಯತ್ಯಾಸ ಅಷ್ಟೇ ಸಾರ್, ಎರಡೂ ಕಾಪರ್ರೇ, ಮನೆಗೆ ಇದು ಸಾಕು’ ಅಂದ. ಚಿರತೆ ಡಬ್ಬಿ ಹೊತ್ತುಕೊಂಡು ಬಂದೆ. ಎಲೆಕ್ಟ್ರಿಷಿಯನ್ನನ್ನು ಕರೆದು ಹಳೇ ಟಿವಿ ಕೇಬಲ್ಲಿನ ಪೈಪಿನಲ್ಲಿ ಹಾಯಿಸಿ, ಎರಡೂ ತುದಿಗೆ ನಾನೇ ಕ್ರಿಂಪ್ ಮಾಡಿ ಸಿಕ್ಕಿಸಿದೆ. ದೀಪ ಹತ್ತಿತು. ಸ್ಪೀಡ್ ನೋಡಿದೆ: 94.

ಮಾರನೇ ದಿನವೂ 94. ಬೆಳಿಗ್ಗೆ 94, ಮಧ್ಯರಾತ್ರಿ 94. ಪ್ಲ್ಯಾನ್ ಇರುವುದು 300. ಫೈಬರ್ ಕಂಪನಿಗೆ ದೂರು ಕೊಟ್ಟೆ. ಒಬ್ಬ ಹುಡುಗ ಬಂದ, ರಾಯಚೂರು ಕಡೆಯವನು. ತನ್ನ ಲ್ಯಾಪ್‌ಟಾಪನ್ನು ಬಾಗಿಲ ಹತ್ತಿರದ ಡಬ್ಬಿಗೇ ಸಿಕ್ಕಿಸಿ ‘ನೋಡ್ರಿ ಸರ, ಮುನ್ನೂರು ಬರಾಕತ್ತೈತಿ, ನಮ್ಮ ಕಡಿಂದ ಎಲ್ಲಾ ಬರೋಬ್ಬರಿ ಐತ್ರಿ’ ಅಂದ. ‘ಅಲ್ಲಿ ಬಂದರೆ ನನಗೇನ್ರೀ ಬಂತು, ಕೋಣೆಗೆ ಬರಬೇಕಲ್ಲ’ ಅಂದೆ. ಹತ್ತು ದಿನದಲ್ಲಿ ಅವನನ್ನು ಮೂರು ಸಲ ಕರೆಸಿದೆ. ಮೂರನೇ ಸಲ ಅವನು ಮೆಲ್ಲಗೆ ‘ನಿಮ್ಮ ವಾಯರ್ ಒಂದ್ಸಲ ಚೆಕ್ ಮಾಡಸ್ರಿ ಸರ’ ಅಂದಾಗ ನನಗೆ ಸಿಟ್ಟು ಬಂತು. ನಾನು ಬಿಇ ಓದಿದವನು, ನೆಟ್‌ವರ್ಕ್ಸ್ ಪೇಪರಿನಲ್ಲಿ ಒಳ್ಳೇ ಮಾರ್ಕ್ಸ್ ತೆಗೆದವನು, ನನಗೆ ಹೇಳೋಕೆ ಬರ್ತಾನೆ. ಹೋಗುವಾಗ ‘ರೇಟಿಂಗ್ ಕಮ್ಮಿ ಕೊಡಬ್ಯಾಡ್ರಿ ಸರ, ಇನ್ಸೆಂಟಿವ್ ಕಟ್ ಆಗ್ತೈತಿ’ ಅಂದ. ಒಂದು ಸ್ಟಾರ್ ಕೊಟ್ಟೆ.

94 ಅನ್ನುವ ಅಂಕಿ ನೋಡಿದ ಕೂಡಲೇ ನನಗೆ ಹೊಳೆಯಬೇಕಿತ್ತು. 100 ಎಂಬಿಪಿಎಸ್ ಕೊಂಡಿಯಲ್ಲಿ, ಪ್ಯಾಕೆಟ್ಟುಗಳ ತಲೆಪಟ್ಟಿಯ ಖರ್ಚು ಕಳೆದು ಕೈಗೆ ಸಿಗುವುದೇ ಹೆಚ್ಚುಕಮ್ಮಿ 94. ಗಿಗಾಬಿಟ್ ಕೊಂಡಿಯಾದರೆ 940ರ ಆಸುಪಾಸು. ಅಂದರೆ ದೂರು ಫೈಬರಿನದ್ದಲ್ಲ, ನನ್ನ ತಂತಿ 1000ದಲ್ಲಿ ನಿಲ್ಲಲಾರದೆ 100ಕ್ಕೆ ಇಳಿದು ಕೂತಿದೆ. ಈಥರ್ನೆಟ್ ಕೇಬಲ್ಲಿನಲ್ಲಿ ಎಂಟು ಎಳೆ, ನಾಲ್ಕು ಜೋಡಿ. 100ರ ವೇಗಕ್ಕೆ ಎರಡೇ ಜೋಡಿ ಸಾಕು, 1000ಕ್ಕೆ ನಾಲ್ಕೂ ಬೇಕು. ಒಂದು ಎಳೆ ಕಡಿದರೂ ಎಷ್ಟೋ ಯಂತ್ರಗಳು ಹೇಳದೆ ಕೇಳದೆ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ. ನೆಟ್ ನಿಂತುಹೋಗಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತು. ಕಾಲೇಜಿನಲ್ಲಿ ಓಎಸ್ಐ ಏಳು ಪದರ ಅಂತ ಬಾಯಿಪಾಠ ಮಾಡಿದ್ದೆವು. ನಾನು ಏಳನೇ ಪದರದಿಂದ ಹುಡುಕುತ್ತಾ ಬಂದೆ, ಕಾಯಿಲೆ ಇದ್ದದ್ದು ಒಂದನೇ ಪದರದಲ್ಲಿ. ಕೆಲವು ನೂರು ರೂಪಾಯಿಗೆ ಸಿಗುವ ಟೆಸ್ಟರ್ ತಂದು ಹಾಕಿದರೆ ಆರು ದೀಪ ಹತ್ತಿದವು, ಏಳನೆಯದು ಹತ್ತಲಿಲ್ಲ, ಎಂಟನೆಯದು ಹತ್ತಿತು. ಕಂದು ಜೋಡಿಯ ಒಂದು ಎಳೆ ಎಲ್ಲೋ ತುಂಡಾಗಿತ್ತು.

ಆಗ ಅಪ್ಪ ಕಣ್ಣಿನ ತಪಾಸಣೆಗೆ ಅಂತ ಊರಿಂದ ಬಂದಿದ್ದ. ನಾನು ನೆಲದ ಮೇಲೆ ತಂತಿ ಹರಡಿಕೊಂಡು ಕೂತಿದ್ದನ್ನು ಸೋಫಾದಿಂದ ನೋಡುತ್ತಿದ್ದವನು ಒಂದು ತುಂಡು ಎತ್ತಿಕೊಂಡ. ಅಂಗೈಯಲ್ಲಿ ತೂಗಿದ.

‘ಇದು ತಾಮ್ರಾನಾ?’

‘ಹೂಂ ಕಣಪ್ಪ.’

‘ತೂಕ ಇಲ್ವಲ್ಲೋ.’

ಶೇವಿಂಗ್ ಬ್ಲೇಡ್ ಕೇಳಿದ. ಎಳೆಯ ಮೇಲಿನ ಕಂದು ಬಣ್ಣದ ಪ್ಲ್ಯಾಸ್ಟಿಕ್ ಸುಲಿದು, ಕೆಂಪು ತಂತಿಯನ್ನು ಬ್ಲೇಡಿನಿಂದ ಎರಡು ಸಲ ಕೆರೆದ. ಕೆಂಪು ಹೋಯ್ತು, ಒಳಗೆ ಬೆಳ್ಳಗೆ. ನಾಲ್ಕು ಸಲ ಆ ಕಡೆ ಈ ಕಡೆ ಬಗ್ಗಿಸಿದ, ಪಟಕ್ಕಂತ ಮುರಿಯಿತು. ‘ಇದು ಸಿಲ್ವರ್ ತಂತಿ ಕಣೋ ಮಗಾ. ಮೇಲೆ ತಾಮ್ರದ ನೀರು ಕುಡಿಸವ್ರೆ ಅಷ್ಟೇ. ಟೌನಲ್ಲಿ ಮೋಟ್ರು ಕಾಯಿಲ್ ಕಟ್ಟೋನು ಹಿಂಗೇ ಮಾಡಿದ್ದ, ಒಂದು ಬೇಸಿಗೆ ತಡೀಲಿಲ್ಲ, ಸುಟ್ಟೋಯ್ತು.’ ನಮ್ಮ ಕಡೆ ಅಲ್ಯೂಮಿನಿಯಂ ಪಾತ್ರೆಗೆ ಸಿಲ್ವರ್ ಪಾತ್ರೆ ಅಂತಲೇ ಹೆಸರು. ಬೋರ್‌ವೆಲ್ ಮೋಟರು ಸುಟ್ಟು ಸುಟ್ಟು ಅಪ್ಪನಿಗೆ ತಂತಿ ಓದುವುದು ಅಭ್ಯಾಸವಾಗಿದೆ. ನನಗೆ ಡಬ್ಬಿ ಓದುವುದೇ ಬಂದಿರಲಿಲ್ಲ. ಆಮೇಲೆ ಹುಡುಕಿದರೆ ಚಿರತೆಯ ಹಿಂಗಾಲಿನ ಹತ್ತಿರ, ಇರುವೆ ಗಾತ್ರದ ಅಕ್ಷರದಲ್ಲಿ ‘ಸಿಸಿಎ’ ಅಂತಿತ್ತು. ಕಾಪರ್ ಕ್ಲ್ಯಾಡ್ ಅಲ್ಯೂಮಿನಿಯಂ.

ಈ ಮೂರಕ್ಷರದ ವಿಮರ್ಶೆಯನ್ನು ಸ್ವಲ್ಪ ವಿವರವಾಗಿಯೇ ಮಾಡಬೇಕು, ಯಾಕಂದರೆ ಇದರ ಪರವಾಗಿ ಅಂಗಡಿಯವರು ಹೇಳುವ ಮಾತು ಪೂರ್ತಿ ಸುಳ್ಳಲ್ಲ. ‘ಹೈ ಫ್ರೀಕ್ವೆನ್ಸಿ ಸಿಗ್ನಲ್ ತಂತಿಯ ಮೇಲ್ಮೈಯಲ್ಲೇ ಹರಿಯುತ್ತೆ ಸಾರ್, ಒಳಗೆ ಏನಿದ್ರೇನು?’ ಸ್ಕಿನ್ ಎಫೆಕ್ಟ್ ಅನ್ನುವುದು ನಿಜ. ಪಠ್ಯಪುಸ್ತಕದಲ್ಲಿದೆ. ಅದಕ್ಕೇ ಸಿಸಿಎ ಕೇಬಲ್ಲು ಹಾಕಿದ ದಿನ ಕೆಲಸ ಮಾಡುತ್ತದೆ, ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ಮಾಡುತ್ತಲೂ ಇರಬಹುದು. ಆದರೆ ತಂತಿ ಅಂದರೆ ಬರೀ ಸಿಗ್ನಲ್ ಅಲ್ಲ. ಅದನ್ನು ಪೈಪಿನಲ್ಲಿ ಎಳೆಯುತ್ತಾರೆ, ಗೋಡೆಯ ಬಾಕ್ಸಿನಲ್ಲಿ ಮಡಚಿ ತುರುಕುತ್ತಾರೆ, ಜ್ಯಾಕಿನ ಲೋಹದ ಹಲ್ಲು ಅದನ್ನು ಕಚ್ಚಿ ಹಿಡಿಯಬೇಕು. ಅಲ್ಯೂಮಿನಿಯಂ ಎಳೆ ಬಗ್ಗಿಸಿದರೆ ಮುರಿಯುತ್ತದೆ. ಹಲ್ಲು ಕಚ್ಚಿದ ಜಾಗದಲ್ಲಿ ತಾಮ್ರದ ಲೇಪ ಹರಿದು ಗಾಳಿ ತಾಗಿದರೆ ಮೇಲೆ ಆಕ್ಸೈಡು ಕಟ್ಟಿ ಸಂಪರ್ಕ ಸಡಿಲವಾಗುತ್ತದೆ. ವಿದ್ಯುತ್ತಿಗೆ ಅಲ್ಯೂಮಿನಿಯಂ ಒಡ್ಡುವ ತಡೆ ತಾಮ್ರದ ಸುಮಾರು 1.6 ಪಟ್ಟು. ನೀವು ಮುಂದೆ ಛಾವಣಿಗೊಂದು ಆಕ್ಸೆಸ್ ಪಾಯಿಂಟೋ, ಗೇಟಿಗೊಂದು ಕ್ಯಾಮೆರಾವೋ ಹಾಕಿ ಅದೇ ತಂತಿಯಲ್ಲಿ ಪವರ್ರನ್ನೂ ಕಳಿಸಿದರೆ, ಅಂದರೆ ಪಿಒಇ ಬಳಸಿದರೆ, ಆ ತಡೆ ಬಿಸಿಯಾಗಿ ಹೊರಬರುತ್ತದೆ. ಹಳೇ ಪಿಒಇ ಮಾನದಂಡದಲ್ಲಿ ಒಂದು ಪೋರ್ಟಿನಿಂದ 15.4 ವ್ಯಾಟ್, ನಂತರದ್ದರಲ್ಲಿ 30, 2018ರದ್ದರಲ್ಲಿ 90ರವರೆಗೆ. ಗೋಡೆಯೊಳಗೆ ಹೂತ ತಂತಿಯಲ್ಲಿ ಬಿಸಿ ಯಾರಿಗೆ ಬೇಕು? ಕ್ಯಾಟ್ 5ಇ, ಕ್ಯಾಟ್ 6 ಅನ್ನುವ ಮಾನದಂಡಗಳೇ ತಾಮ್ರದ ಎಳೆ ಇರಬೇಕು ಅನ್ನುತ್ತವೆ. ಹಾಗಾಗಿ ‘ಸಿಸಿಎ ಕ್ಯಾಟ್ 6’ ಅನ್ನುವ ವಸ್ತುವೇ ಇಲ್ಲ. ‘ವನಸ್ಪತಿ ನಂದಿನಿ ತುಪ್ಪ’ ಇದ್ದ ಹಾಗೆ ಅದು.

ಹಾಗಾದರೆ ಏನು ತರಬೇಕು? ಪೂರ್ತಿ ತಾಮ್ರದ, ಒಂಟಿ ಗಟ್ಟಿ ಎಳೆಯ, ಹೊದಿಕೆಯಿಲ್ಲದ ಸಾದಾ ಕ್ಯಾಟ್ 6. ನನ್ನ ಅಭಿಪ್ರಾಯದಲ್ಲಿ ನಮ್ಮ ನಿಮ್ಮಂಥವರ ಮನೆಗೆ ಚರ್ಚೆ ಇಲ್ಲಿಗೆ ಮುಗಿಯಿತು. ಗಿಗಾಬಿಟ್‌ಗೆ ಕ್ಯಾಟ್ 5ಇ ಸಾಕು, 100 ಮೀಟರ್ ದೂರಕ್ಕೂ ಸಾಕು. ನಿಮ್ಮ ಗೋಡೆಯಲ್ಲಿ ಈಗಾಗಲೇ ಒಳ್ಳೇ 5ಇ ಇದ್ದರೆ ಅದನ್ನು ಕಿತ್ತು ಹಾಕಬೇಡಿ. 2016ರಲ್ಲಿ ಬಂದ 2.5 ಗಿಗಾಬಿಟ್ ಮಾನದಂಡವನ್ನು ಮಾಡಿದ್ದೇ ಅಂಥ ಹಳೇ ತಂತಿಯ ಮೇಲೆ ಓಡಲಿ ಅಂತ. ಹೊಸದಾಗಿ ಎಳೆಯುವುದಾದರೆ ಕ್ಯಾಟ್ 6 ಹಾಕಿ, ಅದು 55 ಮೀಟರಿನ ತನಕ 10 ಗಿಗಾಬಿಟ್ಟನ್ನೂ ಹೊರಬಲ್ಲದು. ನಮ್ಮ ಫ್ಲ್ಯಾಟಿನ ಮೂಲೆಯಿಂದ ಮೂಲೆಗೆ ಅಳೆದರೆ, ಗೋಡೆ ಹತ್ತಿ ಇಳಿದರೂ, 25 ಮೀಟರ್ ಆಗುವುದಿಲ್ಲ. 6ಎ ದಪ್ಪ, ಬಿರುಸು, ನಮ್ಮ ಸಣ್ಣ ಪೈಪುಗಳಲ್ಲಿ ತಿರುವು ತೆಗೆದುಕೊಳ್ಳುವುದಿಲ್ಲ. ಕ್ಯಾಟ್ 8 ಇರುವುದು ಡೇಟಾ ಸೆಂಟರಿನ ಒಂದು ರ‍್ಯಾಕಿನಿಂದ ಪಕ್ಕದ ರ‍್ಯಾಕಿಗೆ, 30 ಮೀಟರಿನೊಳಗೆ. ಮನೆಗೆ ಅದನ್ನು ತಂದವರು ಮಾಲ್‌ಗೆ ಹೋಗಲು ಟ್ರ್ಯಾಕ್ಟರ್ ಕೊಂಡವರ ಜಾತಿ. ಇನ್ನು ಹೊದಿಕೆಯ ಕೇಬಲ್. ಆ ಹೊದಿಕೆ ಸರಿಯಾಗಿ ಅರ್ಥಿಂಗ್ ಆಗಿದ್ದರಷ್ಟೇ ಅದರಿಂದ ಲಾಭ. ನಮ್ಮ ಎಷ್ಟು ಮನೆಗಳ ಮೂರನೇ ಪಿನ್ನು ನಿಜವಾಗಿಯೂ ಭೂಮಿಗೆ ಮುಟ್ಟಿದೆ ಅನ್ನೋದನ್ನ ಫ್ರಿಜ್ ಮುಟ್ಟಿ ಜುಂ ಅನ್ನಿಸಿಕೊಂಡವರು ಹೇಳಬೇಕು.

ಗೋಡೆಯೊಳಗೆ ಗಟ್ಟಿ ಎಳೆ, ಗೋಡೆಯಿಂದ ಲ್ಯಾಪ್‌ಟಾಪಿಗೆ ನೂಲೆಳೆಯ ಪ್ಯಾಚ್ ಕಾರ್ಡ್. ಮೊದಲನೆಯದು ಅಲ್ಲಾಡಬಾರದು, ಎರಡನೆಯದು ದಿನಾ ಅಲ್ಲಾಡುತ್ತದೆ. ಗೋಡೆಯ ತಂತಿಗೆ ನೇರವಾಗಿ ಪ್ಲಗ್ ಕ್ರಿಂಪ್ ಮಾಡುವ ನನ್ನ ಶೌರ್ಯ ಬೇಡ, ಜ್ಯಾಕ್ ಹಾಕಿಸಿ.

ತಂತಿ ಸರಿಮಾಡಿಕೊಂಡ ಮೇಲೂ ಡಬ್ಬಿಗಳ ಕಾಟ ಮುಗಿಯಲಿಲ್ಲ. ರೌಟರಿನ ಡಬ್ಬಿ ಓದಿ. ‘ಎಸಿ 1200’ ಅಂತಿರುತ್ತದೆ. ಈ 1200 ಎಲ್ಲಿಂದ ಬಂತು? 2.4 ಗಿಗಾಹರ್ಟ್ಸ್ ಬ್ಯಾಂಡಿನ 300, 5 ಗಿಗಾಹರ್ಟ್ಸಿನ 867, ಕೂಡಿದರೆ 1167, ಅದನ್ನು ಉಬ್ಬಿಸಿ 1200. ನಿಮ್ಮ ಒಂದು ಫೋನು ಎರಡೂ ಬ್ಯಾಂಡಿನಲ್ಲಿ ಒಟ್ಟಿಗೆ ಕೂತು ಈ ಮೊತ್ತ ಪಡೆಯುವುದಿಲ್ಲ. ಅದೂ ಹೋಗಲಿ, ಅದೇ ಡಬ್ಬಿಯ ಹಿಂಬದಿ ತಿರುಗಿಸಿ. ಅಗ್ಗದ ಎಷ್ಟೋ ಎಸಿ 1200 ರೌಟರುಗಳ ತಂತಿ ಪೋರ್ಟುಗಳು ‘10/100’. ಅಂದರೆ ಗಾಳಿಯಲ್ಲಿ 1200 ಅಂತ ಜಂಭ, ಹೊರಗಿನಿಂದ ಮನೆಯೊಳಗೆ ಬರುವ ಬಾಗಿಲೇ 100. ತಾಮ್ರದ ಕೇಬಲ್ ಹಾಕಿ, ಜ್ಯಾಕ್ ಹಾಕಿ, ಇದಕ್ಕೆ ತಂದು ಸಿಕ್ಕಿಸಿದರೆ ಮತ್ತೆ ಅದೇ 94! ನನ್ನ ಸಹೋದ್ಯೋಗಿಯೊಬ್ಬನಿಗೆ ಇದೇ ಆಗಿ ಅವನು ನನಗೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ್ದ. ಡಬ್ಬಿಯಲ್ಲಿ ‘ಗಿಗಾಬಿಟ್’ ಅಥವಾ ‘10/100/1000’ ಅನ್ನುವ ಅಕ್ಷರ ಕಣ್ಣಿಗೆ ಬೀಳುವ ತನಕ ದುಡ್ಡು ತೆಗೆಯಬೇಡಿ.

ಸ್ವಿಚ್ಚು ಈ ಸಂಸಾರದಲ್ಲಿ ಇದ್ದುದರಲ್ಲಿ ಪ್ರಾಮಾಣಿಕ ಪ್ರಾಣಿ. ಎಂಟು ಪೋರ್ಟಿನ ಗಿಗಾಬಿಟ್ ಸ್ವಿಚ್ಚಿನ ಮೇಲೆ ‘16 ಜಿಬಿಪಿಎಸ್’ ಅಂತ ಬರೆದಿರುತ್ತದೆ. ಎಂಟು ಪೋರ್ಟು, ಪ್ರತಿಯೊಂದರಲ್ಲೂ ಹೋಗುವುದು ಒಂದು, ಬರುವುದು ಒಂದು, ಒಟ್ಟು 16. ಲೆಕ್ಕ ಸರಿ, ಆದರೆ ಅದನ್ನು ನೋಡಿ ದುಬಾರಿಯದ್ದು ಕೊಳ್ಳಬೇಕಾಗಿಲ್ಲ. ಮ್ಯಾನೇಜ್ಡ್ ಅಲ್ಲದ, ಫ್ಯಾನ್ ಇಲ್ಲದ ಸಾದಾ ಸ್ವಿಚ್ಚು ನಮ್ಮ ಮನೆಯಲ್ಲಿ ಮೂರು ವರ್ಷದಿಂದ ಒಂದು ಮಾತೂ ಆಡದೆ ಕೂತಿದೆ. ಐದು ಪೋರ್ಟು ಸಾಕು ಅನ್ನಿಸಿದರೆ ಎಂಟರದ್ದು ತನ್ನಿ. ಟಿವಿ, ಎರಡು ಮೇಜು, ಆಕ್ಸೆಸ್ ಪಾಯಿಂಟ್, ರೌಟರಿನ ಕೊಂಡಿ, ಅಲ್ಲಿಗೇ ಐದಾಯ್ತು. ಅಂದಹಾಗೆ ನಾನು ವೈಫೈ ವಿರೋಧಿಯಲ್ಲ. ಫೋನಿಗೆ ಅದೇ ಬೇಕು. ಒಳಗಿನ ಕೋಣೆಯ ತನಕ ತಂತಿ ಹೋಗಿ ಅಲ್ಲಿಂದ ವೈಫೈ ಹೊರಟರೆ, ಮೂರು ಗೋಡೆ ಕೊರೆಯುವ ಕಷ್ಟ ಅದಕ್ಕೂ ತಪ್ಪುತ್ತದೆ.

ನನ್ನ ನಿಜವಾದ ತಕರಾರಿರುವುದು ಕೇಬಲ್ಲಿನವರ ಮೇಲೂ ಅಲ್ಲ, ಮನೆ ಕಟ್ಟಿ ಮಾರುವವರ ಮೇಲೆ. ಇಪ್ಪತ್ತು ವರ್ಷದ ಸಾಲ ಮಾಡಿ ನಾವು ಕೊಳ್ಳುವ ಫ್ಲ್ಯಾಟಿನ ಬ್ರೋಷರಿನಲ್ಲಿ ಈಜುಕೊಳ ಇರುತ್ತದೆ, ಯೋಗ ಡೆಕ್ ಇರುತ್ತದೆ, ಇಟಾಲಿಯನ್ ಮಾರ್ಬಲ್ ಇರುತ್ತದೆ. ಕೋಣೆಯಿಂದ ಕೋಣೆಗೆ ಒಂದು ಖಾಲಿ 25 ಮಿಲಿಮೀಟರ್ ಪೈಪ್ ಇರುವುದಿಲ್ಲ. ಗೋಡೆ ಏಳುವಾಗ ಹಾಕಿದರೆ ಆ ಪೈಪಿನ ಖರ್ಚು ಒಂದು ಟೈಲ್ಸ್ ಬಾಕ್ಸಿನಷ್ಟೂ ಇಲ್ಲ. ಆಮೇಲೆ ಹಾಕುವುದಂದರೆ ಗೋಡೆ ಕೊಯ್ಯಬೇಕು, ಪೇಂಟ್ ಹೊಡೆಸಬೇಕು, ಅಸೋಸಿಯೇಷನ್ನಿನ ಕೈಲಿ ಬೈಸಿಕೊಳ್ಳಬೇಕು. ಎಲೆಕ್ಟ್ರಿಷಿಯನ್ನುಗಳು ‘ಕರೆಂಟ್ ಪೈಪಲ್ಲೇ ಬಿಡ್ತೀನಿ ಸಾರ್, ಜಾಗ ಐತೆ’ ಅಂತಾರೆ. ಒಪ್ಪಬೇಡಿ. ಗದ್ದಲ ಸೇರಿಕೊಳ್ಳುತ್ತದೆ ಅನ್ನೋದು ಸಣ್ಣ ಕಾರಣ. 230 ವೋಲ್ಟಿನ ತಂತಿಯ ಮೇಲ್ಪದರ ಎಲ್ಲೋ ಸವೆದು ನೆಟ್‌ವರ್ಕ್ ತಂತಿಗೆ ತಾಗಿದರೆ, ಅದರ ಇನ್ನೊಂದು ತುದಿಯಲ್ಲಿ ಲ್ಯಾಪ್‌ಟಾಪಿನ ಮೇಲೆ ಕೈಯಿಟ್ಟುಕೊಂಡು ಕೂತಿರುವವರು ನೀವು. ಮತ್ತೆ ಆ ಫೈಬರ್ ಡಬ್ಬಿಗೆ ಚಪ್ಪಲಿ ಸ್ಟ್ಯಾಂಡೇ ಗತಿ, ಹತ್ತಿರ ಒಂದು ಪ್ಲಗ್ ಪಾಯಿಂಟೂ ಇರುವುದಿಲ್ಲ. ಮನೆಯ ಎಲ್ಲ ನೆಟ್ ಅಲ್ಲಿಂದ ಹೊರಡುತ್ತದೆ ಅನ್ನುವುದು ನಕ್ಷೆ ಬರೆದವರಿಗೆ ಹೊಳೆಯುವುದೇ ಇಲ್ಲ.

ನಾನು ತಾಮ್ರದ ಕೇಬಲ್ ತಂದು ಹಾಕಿದ ದಿನ 300ಕ್ಕೆ 300 ಬಂತು. ಮೊದಲು ಫೈಬರ್ ಕಂಪನಿಯ ಆ್ಯಪ್ ತೆಗೆದೆ. ಕೊಟ್ಟ ರೇಟಿಂಗ್ ಬದಲಾಯಿಸಲು ಅದರಲ್ಲಿ ಜಾಗವಿಲ್ಲ. ಕಸ್ಟಮರ್ ಕೇರಿಗೆ ಹೇಳಿದೆ, ‘ನೋಟ್ ಮಾಡ್ಕೊಂಡಿದೀವಿ ಸರ್’ ಅಂದರು. ಮುಂದಿನ ಸಲ ಫೈಬರ್ ಕಟ್ಟಾದಾಗ ಬಂದವನು ಬೇರೆ ಹುಡುಗ. ರಾಯಚೂರಿನವನು ಎಲ್ಲಿ ಅಂದರೆ ‘ಅವ್ನು ಬಿಟ್ಟ ಸಾರ್’ ಅಂದ. ಯಾಕೆ ಬಿಟ್ಟ ಅಂತ ನಾನು ಕೇಳಲಿಲ್ಲ. ಈ ಹುಡುಗನಿಗೆ ಐದು ಸ್ಟಾರ್ ಕೊಟ್ಟೆ.

ಈಗ ಊರಲ್ಲಿ ಹಳೇ ಹೆಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟಿಸುತ್ತಿದ್ದೇವೆ. ಊರಿಗೂ ಫೈಬರ್ ಬಂದಿದೆ, ಕೇಬಲ್ ಟಿವಿಯವನೇ ಕೊಡುತ್ತಾನೆ. ಹೋದ ವಾರ ಅಪ್ಪ ಫೋನ್ ಮಾಡಿದ್ದ, ಹಿಂದೆ ಕಾಂಕ್ರೀಟ್ ಮಿಕ್ಸರಿನ ಸದ್ದು.

‘ನಾಳಿದ್ದು ಮೋಲ್ಡ್ ಹಾಕ್ತಾರಂತೆ. ನಿನ್ನ ನೆಟ್ಟಿಗೆ ಪೈಪ್ ಬಿಡಬೇಕು ಅಂದಿದ್ಯಲ್ಲ, ಮೇಸ್ತ್ರಿ ಕೇಳ್ತಾ ಅವ್ನೆ. ಒಂದಾ ಎರಡಾ?’

‘ಪ್ರತಿ ರೂಮಿಗೂ ಎರಡು ಕಣಪ್ಪ. ಕರೆಂಟ್ ಪೈಪ್ ಬೇರೆ, ಇದು ಬೇರೆ. ಮೂಲೇಲಿ ಚೂಪಾಗಿ ತಿರುಗಿಸಬೇಡಿ, ದೊಡ್ಡ ಬೆಂಡು ಹಾಕ್ಸಿ. ಒಳಗೊಂದು ನೈಲಾನ್ ದಾರ ಬಿಟ್ಟಿರ್ಲಿ, ಆಮೇಲೆ ಎಳೆಯೋಕೆ.’

ಅಪ್ಪ ಮೇಸ್ತ್ರಿಗೆ ಕೂಗಿ ಹೇಳಿದ. ಆಮೇಲೆ ನನಗೆ, ‘ತಂತಿ ನೀನೇ ತಗೊಂಡ್ ಬಾ. ಡಬ್ಬಿ ಒಡೀಬೇಡ ಮತ್ತೆ. ಇಲ್ಲೇ ಕೆರೆದು ನೋಡಣ.’